ಜನವರಿಯ ಬೆಂಕಿಪೊಟ್ಟಣ

ಪ್ರತಿ ವರ್ಷ ಸಂಕ್ರಾಂತಿ ಮುಗಿದ ವಾರ ನಾನು ಅಂಗಡಿಗೆ ಹೋಗಿ ಒಂದು ಡಜನ್ ಬೆಂಕಿಪೊಟ್ಟಣ ಕೊಳ್ಳುತ್ತೇನೆ. ನನಗೆ ಬೀಡಿ ಸಿಗರೇಟಿನ ಚಟ ಇಲ್ಲ. ಕ್ಯಾಂಪಿನ ಗ್ಯಾಸ್ ಒಲೆಗೆ ಲೈಟರ್ ಇದೆ. ಅಂಗಡಿಯವನಿಗೂ ಇದು ಗೊತ್ತು. "ಶುರುವಾಯ್ತಾ ಸಾ, ಸುಡೋ ಕೆಲ್ಸ?" ಅಂತ ನಗುತ್ತಾ ಕಟ್ಟು ಎತ್ತಿ ಕೊಡುತ್ತಾನೆ. ಮಾರನೇ ದಿನ ಅದೇ ನಾನು ಚೆಕ್‌ಪೋಸ್ಟಿನಲ್ಲಿ ನಿಂತು, ಬೆಟ್ಟದ ದೇವಸ್ಥಾನಕ್ಕೆ ಹೋಗುವ ಹುಡುಗರ ಬೈಕು ನಿಲ್ಲಿಸಿ, ಬೆಂಕಿಪೊಟ್ಟಣ ಇದ್ದರೆ ಇಲ್ಲೇ ಇಟ್ಟು ಹೋಗಿ ಅಂತ ಗದರುತ್ತೇನೆ. ಒಮ್ಮೆ ಒಬ್ಬ ಹುಡುಗ ನನ್ನ ಶರ್ಟಿನ ಜೇಬು ತೋರಿಸಿ, "ನಿಮ್ದೇ ಕಾಣಿಸ್ತಾ ಇದ್ಯಲ್ಲ ಸರ್" ಅಂದ. ಹೌದು, ಕಾಣಿಸುತ್ತಿತ್ತು.

ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್. ಕಾಗದದ ಮೇಲೆ ಈ ಹುದ್ದೆಗೆ 'ಗಸ್ತು ಅರಣ್ಯ ಪಾಲಕ' ಅಂತ ಚೆಂದದ ಹೆಸರಿದೆ. ಹಾಗೆ ಕರೆದವರನ್ನು ನಾನಿನ್ನೂ ನೋಡಿಲ್ಲ. ಚಾಮರಾಜನಗರ ಜಿಲ್ಲೆಯ ಒಂದು ವಲಯದಲ್ಲಿ ನನ್ನ ಬೀಟ್. ವಲಯದ ಹೆಸರು ಬೇಡ ಬಿಡಿ, ಮುಂದೆ ನನ್ನದೇ ಒಂದು ತಪ್ಪಿನ ಕತೆ ಹೇಳೋದಿದೆ. ನನ್ನೂರು ಇಲ್ಲಿಂದ ತುಂಬಾ ದೂರ, ಮುಧೋಳದ ಕಡೆ. ಕಬ್ಬಿನ ಸೀಮೆ. ಈ ಕಾಡುಗಳ ಗಾರ್ಡ್‌ಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರು ಬಹಳ ಜನ ಇದ್ದಾರೆ. ಕಾಡು ನೋಡದವರೇ ಕಾಡು ಕಾಯಲು ಬಂದವರು.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಅಪ್ಪ ಒಂದು ಕಡ್ಡಿ ಗೀರಿ ಎಸೆದು, ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಗಂಟೆಯಲ್ಲಿ ಹೊಲ ಕಪ್ಪಾಗುತ್ತಿತ್ತು. ಬೆಂಕಿ ಅಂದರೆ ನನಗೆ ಅಷ್ಟೇ ಗೊತ್ತಿದ್ದದ್ದು, ಅದೊಂದು ಸಲೀಸು ಕೆಲಸ. ಈಗ ಬೇಸಿಗೆ ಬಂತೆಂದರೆ ರಜೆ ಸಿಗಲ್ಲ. ಅವ್ವ ಫೋನಿನಲ್ಲಿ ಬೈಯುತ್ತಾಳೆ: "ಎಲ್ಲಾರೂ ಯುಗಾದಿಗೆ ಬರ್ತಾರ, ನೀ ಒಬ್ಬಾವ ಬರಾಂಗಿಲ್ಲ. ಅಲ್ಲಿ ಹುಲಿ ಕಾಯಾಕ ಹೋಗೀಯೋ, ಬೆಂಕಿ ಕಾಯಾಕ ಹೋಗೀಯೋ?"

ಎರಡಕ್ಕೂ ಅವ್ವ. ಫೆಬ್ರವರಿಯಿಂದ ಏಪ್ರಿಲ್ ತನಕ ಮಾತ್ರ ಎರಡನೆಯದೇ ಜಾಸ್ತಿ.

ಬೆಂಕಿಯ ಕೆಲಸ ಅಂದ ತಕ್ಷಣ ಜನರ ಕಣ್ಣಿಗೆ ಉರಿಯುವ ಬೆಟ್ಟ, ಓಡುವ ಖಾಕಿ ಬಟ್ಟೆಯವರು ಬರುತ್ತಾರೆ. ಆದರೆ ನಮಗೆ ಅದು ಶುರುವಾಗುವುದು ನವೆಂಬರಿನಲ್ಲಿ, ಹುಲ್ಲು ಇನ್ನೂ ಹಸಿರಾಗಿ ಎದೆಮಟ್ಟ ಇರುವಾಗ. ಕಾಡಿನ ಗಡಿ, ಜೀಪಿನ ದಾರಿ, ಹೆದ್ದಾರಿಯ ಅಂಚು, ಇಲ್ಲೆಲ್ಲ ಉದ್ದಕ್ಕೂ ಒಂದು ಪಟ್ಟಿಯಷ್ಟು ಜಾಗದಲ್ಲಿ ಹುಲ್ಲು, ಪೊದೆ, ಲಂಟಾನ ಅನ್ನುವ ಕಳೆಗಿಡ ಕಡಿದು ಅಲ್ಲೇ ಹಾಸುತ್ತೇವೆ. ಇದು ಬೆಂಕಿ ರೇಖೆ. ಮಾತಿನಲ್ಲಿ ಫೈರ್ ಲೈನ್. ಕಡಿದದ್ದು ಬಿಸಿಲಿಗೆ ಒಣಗುತ್ತೆ. ಜನವರಿಯಲ್ಲಿ ಅದಕ್ಕೆ ನಾವೇ ಬೆಂಕಿ ಕೊಡುತ್ತೇವೆ. ಒಂದು ಪಟ್ಟಿ ಮೊದಲೇ ಸುಟ್ಟಿದ್ದರೆ ಆಮೇಲೆ ಬರುವ ಬೆಂಕಿಗೆ ಅಲ್ಲಿ ತಿನ್ನಲು ಏನೂ ಇರಲ್ಲ, ಅಷ್ಟೇ ಲೆಕ್ಕ.

ಕೇಳಲು ಸುಲಭ. ಮಾಡಲು ಕೂತರೆ ಗೊತ್ತಾಗುತ್ತೆ. ಕಡಿದು ಹಾಸಿದ್ದು ಗರಿಗರಿ ಒಣಗಿರಬೇಕು, ಪಕ್ಕದ ಕಾಡಿನ ಹುಲ್ಲು ಮಾತ್ರ ಇನ್ನೂ ಅರೆಹಸಿ ಇರಬೇಕು. ಆ ಸಂದು ಎರಡು ಮೂರು ವಾರದ್ದು. ಮೊದಲೇ ಹಚ್ಚಿದರೆ ಬರೀ ಹೊಗೆ. ತಡ ಮಾಡಿದರೆ ರೇಖೆ ದಾಟಿ ಕಾಡಿಗೇ ಹತ್ತುತ್ತೆ, ಆಮೇಲೆ ನಾವು ಹಚ್ಚಿದ ಬೆಂಕಿಯ ಹಿಂದೆ ನಾವೇ ಸೊಪ್ಪು ಹಿಡಿದು ಓಡಬೇಕು. ದಿನದಲ್ಲೂ ಹೊತ್ತು ನೋಡಬೇಕು. ಬೆಳಗ್ಗೆ ಇಬ್ಬನಿ ಆರುತ್ತಾ ಬರುವಾಗ, ಇಲ್ಲವಾದರೆ ಸಂಜೆ ಗಾಳಿ ಮಲಗಿದ ಮೇಲೆ. ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ನಾನು ಬರೆದುಕೊಂಡೂ ಇದ್ದೆ. ಹುಲ್ಲು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಹಿಂಡಿ, ಅದು 'ಚರ್' ಅನ್ನುತ್ತಾ 'ಪುಸ್' ಅನ್ನುತ್ತಾ ಅಂತ ಕೇಳಿ ನಿರ್ಧಾರ ಮಾಡೋದನ್ನು ಕಲಿಸಿದ್ದು ತಾತ.

ತಾತ ಅಂದರೆ ನಮ್ಮ ಫೈರ್ ವಾಚರ್. ಬೇಸಿಗೆಯ ನಾಲ್ಕು ತಿಂಗಳು ಮಾತ್ರ ದಿನಗೂಲಿಗೆ ತೆಗೆದುಕೊಳ್ಳುವ ಬೆಂಕಿ ಕಾವಲಿನವರು. ಹೆಚ್ಚಿನವರು ಸುತ್ತಲಿನ ಹಾಡಿ, ಪೋಡು ಅನ್ನುವ ಪುಟ್ಟ ಕಾಡೂರುಗಳ ಜೇನುಕುರುಬರು, ಸೋಲಿಗರು. ತಾತ ಸೋಲಿಗರು, ಹುಟ್ಟಿದ್ದು ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಪೋಡಿನಲ್ಲಿ. ವಯಸ್ಸು ಕೇಳಿದರೆ ಪ್ರತಿ ಸಲ ಬೇರೆ ಬೇರೆ ಹೇಳುತ್ತಾರೆ. ನನ್ನನ್ನು ಎಲ್ಲರ ಮುಂದೆ "ಗಾರ್ಡ್ ಸಾ" ಅನ್ನುತ್ತಾರೆ. ಬೆಂಕಿಯ ಹತ್ತಿರ ಮಾತ್ರ ಅದು ಮರೆತುಹೋಗುತ್ತೆ, "ಲೇ ಮಗಾ" ಆಗುತ್ತೆ.

ಫೆಬ್ರವರಿ ಬಂದ ಮೇಲೆ ನಮ್ಮ ದಿನ ಹೀಗಿರುತ್ತೆ. ಬೆಳಗ್ಗೆ ಬೀಟ್ ಸುತ್ತು. ಹನ್ನೊಂದರಿಂದ ಸಂಜೆ ಐದರ ತನಕ ಟವರ್ ಮೇಲೊಬ್ಬ, ಕೆಳಗೆ ಜೀಪಿನ ಹತ್ತಿರ ಐದಾರು ಜನ. ಮುತ್ತುಗದ ಮರಗಳು ಎಲೆ ಉದುರಿಸಿ ಕೆಂಪು ಹೂ ಬಿಟ್ಟಿರುತ್ತವೆ, ಹೊಸಬರು ದೂರದಿಂದ ಅದನ್ನೇ ನೋಡಿ ಬೆಂಕಿ ಅಂತ ವೈರ್‌ಲೆಸ್ ಎತ್ತಿದ್ದೂ ಇದೆ. (ನಾನೂ ಎತ್ತಿದ್ದೆ. ಇವತ್ತಿಗೂ ನಗುತ್ತಾರೆ.) ಹೊಗೆ ಕಂಡರೆ ಮೊದಲು ಬಣ್ಣ ನೋಡಬೇಕು. ಬಿಳಿ ಅಂದರೆ ಹುಲ್ಲು, ತರಗು. ಹಳದಿ ಮಿಶ್ರಿತ ದಪ್ಪ ಹೊಗೆ ಅಂದರೆ ಲಂಟಾನಕ್ಕೆ ಹತ್ತಿದೆ, ಊಟದ ಡಬ್ಬಿ ಮುಚ್ಚಿಟ್ಟು ಹೊರಡಿ.

ಉಪಗ್ರಹ ಇಲ್ವಾ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಇದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹದಲ್ಲಿ ಕಾಡಿನ ಬೆಂಕಿ ನೋಡುತ್ತಿದೆ. ಈಗ ಮೊಬೈಲಿಗೆ ಮೆಸೇಜ್ ಬರುತ್ತೆ, ಅಕ್ಷಾಂಶ ರೇಖಾಂಶ ಸಮೇತ. ಒಳ್ಳೆಯ ವ್ಯವಸ್ಥೆ, ಸುಳ್ಳು ಹೇಳಲ್ಲ. ಆದರೆ ಅದರ ಕಣ್ಣಿಗೆ ಒಂದು ಚುಕ್ಕೆ ಅಂದರೆ 375 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಮೂವತ್ತೈದು ಎಕರೆ ಹತ್ತಿರ. ಆ ಮೂವತ್ತೈದು ಎಕರೆಯಲ್ಲಿ ಬೆಂಕಿ ಎಲ್ಲಿ ಅಂತ ಮೂಗು, ಕಿವಿಯಲ್ಲಿ ಹುಡುಕಬೇಕು. ಇನ್ನೊಂದು, ಆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಹಾದು ಹೋಗುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ಎರಡೂವರೆಗೆ ಹಚ್ಚಿದ ಬೆಂಕಿ ಅದರ ಕಣ್ಣಿಗೆ ಬೀಳಲು ರಾತ್ರಿ ಒಂದೂವರೆ ಆಗಬೇಕು. ಅಷ್ಟರಲ್ಲಿ ನಾವು ಹೋಗಿ, ಆರಿಸಿ, ಮಸಿ ಮುಖದಲ್ಲಿ ಅನ್ನ ತಿಂದು ಮಲಗಿರುತ್ತೇವೆ, ಇಲ್ಲವಾದರೆ ಆ ಬೆಂಕಿ ಇನ್ನೊಂದು ಬೀಟಿಗೆ ಹೋಗಿರುತ್ತೆ.

ಒಂದು ರಾತ್ರಿ ಸುಮ್ನೆ ಕ್ಯಾಂಪಿನಲ್ಲಿ ಕೂತು ಇಡೀ ರಾಜ್ಯದ ಬೆಂಕಿ ಚುಕ್ಕೆಗಳ ನಕ್ಷೆ ತೆಗೆದು ನೋಡುತ್ತಿದ್ದೆ. ಮುಧೋಳ, ಜಮಖಂಡಿ ಕಡೆ ಕೆಂಪು ಚುಕ್ಕೆ ತುಂಬಿತ್ತು. ಕಬ್ಬಿನ ರವದಿ. ಅದರಲ್ಲಿ ಯಾವುದೋ ಒಂದು ಅಪ್ಪನದಿರಬಹುದು. ಉಪಗ್ರಹಕ್ಕೆ ಎಲ್ಲ ಒಂದೇ.

2019ರ ಫೆಬ್ರವರಿ ನೆನಪಿರಬೇಕು ನಿಮಗೆ. ಬಂಡೀಪುರ. ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಫೆಬ್ರವರಿ 21ರ ಹೊತ್ತಿಗೆ ಶುರುವಾದದ್ದು ಐದು ದಿನ ಉರಿಯಿತು. ಸುತ್ತಲಿನ ಎಲ್ಲ ಕಡೆಯಿಂದ ಸಿಬ್ಬಂದಿಯನ್ನು ಕರೆಸಿದರು, ನಮ್ಮನ್ನೂ ಒಂದು ಕ್ಯಾಂಪರ್ ಗಾಡಿಯಲ್ಲಿ ತುಂಬಿ ಕಳಿಸಿದರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಇಳಿಜಾರು ರಾತ್ರಿ ನೋಡಿದರೆ ಯಾರೋ ಬೆಟ್ಟಕ್ಕೆ ದೀಪದ ಸರ ಸುತ್ತಿದ ಹಾಗಿತ್ತು. ಚೆಂದ ಕಾಣುತ್ತಿತ್ತು, ಆ ಮಾತು ಹೇಳಲೇಬೇಕು. ಕೊನೆಗೆ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ನೇತುಹಾಕಿಕೊಂಡು ಬಂದು ನೀರು ಸುರಿದವು. ಸುಟ್ಟದ್ದು ಸುಮಾರು 4,400 ಹೆಕ್ಟೇರ್ ಅಂತ ಉಪಗ್ರಹ ಚಿತ್ರದಿಂದ ಲೆಕ್ಕ ಸಿಕ್ಕಿತು. ಅದೇ ವಾರ ಯಲಹಂಕದ ಏರ್ ಶೋ ಪಾರ್ಕಿಂಗಿನಲ್ಲಿ ಸುಮಾರು 300 ಕಾರು ಸುಟ್ಟುಹೋದವು. ಅಲ್ಲೂ ಬೆಂಕಿ ಹರಡಿದ್ದು ಒಣಹುಲ್ಲಿನಲ್ಲೇ. ಆ ವಾರ ಗಾಳಿ ಹಾಗಿತ್ತು.

ಆ ಐದು ದಿನಗಳಲ್ಲಿ ನನಗೆ ತುಂಬಾ ಸಿಟ್ಟು ತರಿಸಿದ್ದು ಬೆಂಕಿಯಲ್ಲ, ಮೊಬೈಲ್. ಬೇರೆ ಯಾವುದೋ ದೇಶದ ಬೆಂದ ಪ್ರಾಣಿಗಳ ಫೋಟೋ ಬಂಡೀಪುರದ್ದು ಅಂತ ಹರಿದಾಡಿದವು. ಅವ್ವನಿಗೂ ಹೋಗಿತ್ತು, ಅವಳು ಅತ್ತುಕೊಂಡು ಫೋನ್ ಮಾಡಿದಳು. ನಾವು ನಿಂತಲ್ಲಿ ಜಿಂಕೆ, ಕಾಟಿಗಳು ಬೆಂಕಿ ಕಾಣುವ ಮೊದಲೇ ದೂರ ಹೋಗಿದ್ದವು. ಸಾಯುವವರು ನಿಧಾನದವರು. ಆಮೆ, ಹಾವು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ. ಅವುಗಳ ಫೋಟೋ ಯಾರೂ ಕಳಿಸಲ್ಲ. ಬೆಂಕಿಯ ಅಂಚಿನಲ್ಲೇ ಕಾಜಾಣಗಳು ಮಾತ್ರ ಹಬ್ಬ ಮಾಡುತ್ತಿರುತ್ತವೆ, ಹೊಗೆಗೆ ಹಾರಿ ಬರುವ ಮಿಡತೆಗಳನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತಾ.

ಹೆಲಿಕಾಪ್ಟರ್ ನೀರು ಸುರಿದು ಹೋದ ಮೇಲೆ ಏನಾಗುತ್ತೆ ಅಂತಲೂ ಹೇಳಬೇಕು. ಬೆಂಕಿ ಆರಿತು ಅಂತ ಊರೆಲ್ಲ ಅಂದುಕೊಂಡ ಮೇಲೆ ನಮಗೆ ಇನ್ನೂ ನಾಲ್ಕೈದು ದಿನದ ಕೆಲಸ ಇರುತ್ತೆ. ಒಣಗಿ ನಿಂತ ಮರ ಒಳಗೊಳಗೇ ಉರಿಯುತ್ತಿರುತ್ತೆ. ಪೊಳ್ಳು ಮರವಾದರೆ ಇನ್ನೂ ಕೆಟ್ಟದ್ದು, ಬುಡದಿಂದ ಗಾಳಿ ಎಳೆದು ತುದಿಯಿಂದ ಕಿಡಿ ಉಗುಳುತ್ತೆ, ಥೇಟ್ ಆಲೆಮನೆ ಒಲೆಯ ಚಿಮಣಿ ಹಾಗೆ. ಒಂದು ಕಿಡಿ ರೇಖೆ ದಾಟಿ ಬಿದ್ದರೆ ಮೂರು ದಿನದ ಶ್ರಮ ಬೂದಿ. ಹಾಗಾಗಿ ಒಂದೊಂದೇ ಬುಡ ಕೆದಕಿ, ಮಣ್ಣು ಮುಚ್ಚಿ, ಬೆನ್ನಿಗೆ ಕಟ್ಟಿದ ಸ್ಪ್ರೇಯರಿನ ನೀರು ಹನಿ ಹನಿ ಲೆಕ್ಕ ಹಾಕಿ ಬಿಟ್ಟು, ರಾತ್ರಿ ಅಲ್ಲೇ ಕಾದು ಕೂರಬೇಕು. ಆನೆ ಇರುವ ಕಾಡಿನಲ್ಲಿ, ಬ್ಯಾಟರಿ ಹಾಕದೆ.

ಈಗ ನನ್ನ ತಪ್ಪಿನ ಕತೆ.

ಅದು ನನ್ನ ಎರಡನೇ ಬೇಸಿಗೆ. ಮಾರ್ಚ್, ಮಧ್ಯಾಹ್ನ ಮೂರು ಗಂಟೆ. ಹಳ್ಳದ ಕಡೆಯಿಂದ ಬೆಂಕಿ ಇಳಿಜಾರು ಹತ್ತಿ ಬರುತ್ತಿತ್ತು. ಬೆಂಕಿ ಏರು ಹತ್ತುವಾಗ ಓಡುತ್ತೆ, ಇಳಿಯುವಾಗ ನಡೆಯುತ್ತೆ. ನಾವು ಆರು ಜನ, ಮೇಲೆ ಒಂದು ದನದ ದಾರಿಯ ಮೇಲೆ ನಿಂತಿದ್ದೆವು. ಸೊಪ್ಪಿನಲ್ಲಿ ಬಡಿದು ಆರಿಸುವ ಎತ್ತರ ಅಲ್ಲ ಅದು. ಉಳಿದದ್ದು ಎದುರು ಬೆಂಕಿ. ದಾರಿಯ ಅಂಚಿನಿಂದ ನಾವೇ ಹಚ್ಚಿ ಬರುವ ಬೆಂಕಿಯ ಕಡೆಗೆ ಕಳಿಸುವುದು, ಎರಡೂ ಮಧ್ಯದಲ್ಲಿ ಸೇರಿ ತಿನ್ನಲು ಏನೂ ಸಿಗದೆ ಸಾಯಲಿ ಅಂತ.

ಇದರ ಗುಟ್ಟೆಲ್ಲ ಇರುವುದು ಕಾಯುವುದರಲ್ಲಿ. ದೊಡ್ಡ ಬೆಂಕಿ ಹತ್ತಿರ ಬಂದಾಗ ಅದು ತನ್ನ ಕಡೆಗೆ ಗಾಳಿ ಎಳೆದುಕೊಳ್ಳುತ್ತೆ. ಆ ಎಳೆತ ನಿಮ್ಮ ಬೆನ್ನಿಗೆ ತಣ್ಣಗೆ ತಾಕುತ್ತೆ. ಆಗ ಹಚ್ಚಿದರೆ ನಿಮ್ಮ ಬೆಂಕಿ ಅದರ ಕಡೆ ಹೋಗುತ್ತೆ. ಅದಕ್ಕೂ ಮೊದಲು ಹಚ್ಚಿದರೆ ಅದು ಇರುವ ಗಾಳಿಯ ಮಾತು ಕೇಳುತ್ತೆ, ಅಂದರೆ ನಿಮ್ಮ ಮೇಲೇ ಬರುತ್ತೆ. ತಾತ ನನ್ನ ಪಕ್ಕದಲ್ಲೇ ಇದ್ದರು. "ತಡಿ, ಇನ್ನೂ ಗಾಳಿ ಎಳಿತಿಲ್ಲ" ಅಂದರು. ಕೇಳಿಸಿತ್ತು. ಆದರೆ ಮುಂದೆ ಲಂಟಾನ ಹತ್ತಿಕೊಂಡಾಗ ಬರುವ ಆ ಸದ್ದು ಇದೆಯಲ್ಲ, ಬಿಸಿ ಎಣ್ಣೆಗೆ ನೀರು ಬಿದ್ದ ಹಾಗೆ, ನಡುನಡುವೆ ಒಣ ಬಿದಿರು ಪಟಾಕಿ ಹಾಗೆ ಸಿಡಿಯುವುದು, ಅದನ್ನು ಕೇಳಿಕೊಂಡು ಕೈಕಟ್ಟಿ ನಿಲ್ಲುವುದು ನನ್ನಿಂದ ಆಗಲಿಲ್ಲ. ನಾನು ಕಡ್ಡಿ ಗೀರಿದೆ.

ಹತ್ತು ಸೆಕೆಂಡು ಸರಿಯಾಗಿಯೇ ಹೋಯಿತು. ಆಮೇಲೆ ತಿರುಗಿತು. ನನ್ನ ಬೆಂಕಿ ನನ್ನ ಕಾಲ ಕೆಳಗಿನ ದಾರಿ ದಾಟಿ ಹಿಂದಿನ ಹುಲ್ಲಿಗೆ ಹತ್ತಿತು. ಮುಂದೆ ಒಂದು, ಹಿಂದೆ ಒಂದು. ನಾನು ಹಿಂದಕ್ಕೆ, ಅಂದರೆ ಇನ್ನೂ ಸುಡದ ಹುಲ್ಲಿನ ಕಡೆಗೆ ಓಡಲು ಹೊರಟೆ. ಯಾರಾದರೂ ಹಾಗೇ ಓಡುತ್ತಾರೆ, ಹಸಿರು ಕಂಡ ಕಡೆ. ತಾತ ಕಾಲರ್ ಹಿಡಿದು ಎಳೆದರು. "ಲೇ, ಬೆಂದ ನೆಲಕ್ಕೆ ನಡಿ!" ಉರಿ ಗಿಡ್ಡಗಿದ್ದ ಕಡೆ ಒಂದೇ ಸಮ ನುಗ್ಗಿ, ಆಗಲೇ ಕಪ್ಪಾಗಿದ್ದ ನೆಲದ ಮೇಲೆ ಹೋಗಿ ನಿಂತೆವು. ಆರು ಜನವೂ. ಸುಟ್ಟ ನೆಲ ಇನ್ನೊಮ್ಮೆ ಸುಡಲ್ಲ. ಶೂ ಅಡಿ ಮೆತ್ತಗಾಗಿ ನೆಲಕ್ಕೆ ಅಂಟುತ್ತಿತ್ತು. ಹುಬ್ಬಿನ ಕೂದಲು ಮುಟ್ಟಿದರೆ ಪುಡಿ ಪುಡಿ. ಯಾರೂ ಏನೂ ಮಾತಾಡಲಿಲ್ಲ. ತಾತ ಮಾತ್ರ ನನ್ನ ಕೈಯಲ್ಲಿ ಇನ್ನೂ ಇದ್ದ ಪೊಟ್ಟಣ ನೋಡಿ, "ಅದ ಒಳಿಕ್ಕೆ ಮಡಿಕ್ಕೊ" ಅಂದರು.

ಸಂಜೆ ಜಿಪಿಎಸ್ ಹಿಡಿದು ಸುತ್ತಿದಾಗ ನನ್ನ ಕಡ್ಡಿಗೆ ಹೋದದ್ದು ಹನ್ನೊಂದು ಹೆಕ್ಟೇರ್ ಅಂತ ಗೊತ್ತಾಯಿತು. ವರದಿಯಲ್ಲಿ ಅದು ಬೇರೆಯಾಗಿ ಬರಲಿಲ್ಲ. ಎಲ್ಲ ಸೇರಿ ಒಂದೇ ಬೆಂಕಿ, ಒಂದೇ ಕಾರಣ, ಕಿಡಿಗೇಡಿಗಳು. ಬರೆದವನು ನಾನೇ.

ನಾವು ಆರೂ ಜನ ಮನೆಗೆ ಹೋದೆವು, ಅದು ಅದೃಷ್ಟ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಯುವ ಗಾರ್ಡ್ ವಾಪಸ್ ಬರಲಿಲ್ಲ. 2020ರಲ್ಲಿ ಕೇರಳದ ತ್ರಿಶೂರ್ ಕಡೆ ಮೂವರು ವಾಚರ್‌ಗಳು ಹೋದರು. 2023ರಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬ ಗಾರ್ಡ್. ಇವರೆಲ್ಲ ನನಗಿಂತ ಕಡಿಮೆ ತಿಳಿದವರು ಅಂತ ನನಗೆ ಅನ್ನಿಸಲ್ಲ.

ಆ ದಿನ ರಾತ್ರಿ ನಾನು, ತಾತ ಒಂದು ಉರಿಯುವ ಮತ್ತಿ ಬುಡದ ಹತ್ತಿರ ಕಾವಲು ಕೂತಿದ್ದೆವು. ನಾನು ಬಾಯಿ ಬಿಟ್ಟಿರಲಿಲ್ಲ. ಸುಮಾರು ಹೊತ್ತಾದ ಮೇಲೆ ತಾತನೇ ಶುರು ಮಾಡಿದರು, ನನ್ನ ತಪ್ಪಿನ ವಿಷಯ ಅಲ್ಲ, ತಮ್ಮ ಅಪ್ಪನ ವಿಷಯ. ಆ ಕಾಲದಲ್ಲಿ ಸೋಲಿಗರೇ ಕಾಡಿಗೆ ಬೆಂಕಿ ಇಡುತ್ತಿದ್ದರಂತೆ. ತರಗು ಬೆಂಕಿ ಅಂತ ಅದಕ್ಕೆ ಹೆಸರು. ಎಲೆ ಉದುರಲು ಶುರುವಾದ ಸ್ವಲ್ಪ ದಿನಕ್ಕೆ, ನೆಲದಲ್ಲಿ ಇನ್ನೂ ತಂಪಿರುವಾಗ, ಒಣಗಿದ ತರಗು ಮಾತ್ರ ಸುಡುವಷ್ಟು. ಉರಿ ಮೊಣಕಾಲು ದಾಟುತ್ತಿರಲಿಲ್ಲ. ಮಗು ಎತ್ತಿಕೊಂಡ ಹೆಂಗಸರೂ ಪಕ್ಕದಲ್ಲೇ ನಡೆದು ಹೋಗುತ್ತಿದ್ದರು. ಸುಟ್ಟ ಕಡೆ ಹೊಸ ಹುಲ್ಲು, ಗೆಣಸು ಕೀಳಲು ಸಲೀಸು, ಜೇನಿಗೆ ಹೋಗಲು ದಾರಿ. ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು, ಅದೇ ಬದನಿಕೆ, ಅದೂ ಹತೋಟಿಯಲ್ಲಿರುತ್ತಿತ್ತು ಅಂದರು.

"ಆಮೇಲೆ?" ಅಂದೆ.

"ಆಮೇಲೆ ನೀವು ಬಂದ್ರಿ."

1972ರಲ್ಲಿ ವನ್ಯಜೀವಿ ಕಾಯಿದೆ ಬಂತು. ಅಭಯಾರಣ್ಯಕ್ಕೆ ಬೆಂಕಿ ಇಡಬಾರದು ಅಂತ ಅದರ 30ನೇ ಸೆಕ್ಷನ್. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯಿತು. ಅಲ್ಲಿಗೆ ತರಗು ಬೆಂಕಿ ಮುಗಿಯಿತು. ತಾತ ಆಗ ಹರೆಯದ ಹುಡುಗ. ಯಾವ ದಿನ ಹಚ್ಚಬೇಕು ಅನ್ನುವ ಲೆಕ್ಕ ಅಪ್ಪನಿಂದ ಪೂರ್ತಿ ಕಲಿತಿದ್ದರು, ಹಚ್ಚುವ ಹಾಗಿರಲಿಲ್ಲ.

ಅದರ ನಂತರ ನಾನು ಸ್ವಲ್ಪ ಓದಿದೆ. ಕಾಡಿನ ಬೆಂಕಿ ಪೂರ್ತಿ ತಡೆಯಬೇಕು ಅನ್ನುವ ಯೋಚನೆ ಬ್ರಿಟಿಷರ ಕಾಲದ್ದು, 1864ರಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಮೊದಲು ವ್ಯವಸ್ಥಿತವಾಗಿ ಮಾಡಿ ನೋಡಿದರು. ತಮಾಷೆ ಅಂದರೆ 1896ರಲ್ಲೇ ಅವರದೇ ಒಬ್ಬ ಅಧಿಕಾರಿ, ಬರ್ಮಾದಲ್ಲಿ ಬೆಂಕಿ ತಡೆದದ್ದು ಅತಿಯಾಯಿತು ಅಂತ ಬರೆದಿದ್ದ. ಬೆಂಕಿ ತಡೆದ ಕಡೆ ತೇಗದ ಸಸಿ ಏಳುತ್ತಿಲ್ಲ ಅಂತ ಅಲ್ಲಿ ದೊಡ್ಡ ಚರ್ಚೆಯೇ ನಡೆದು, ಮುಂದೆ ಅಲ್ಲಿನ ತೇಗದ ಕಾಡುಗಳಲ್ಲಿ ಆ ನೀತಿ ಸಡಿಲವೂ ಆಯಿತು. ನೂರಿಪ್ಪತ್ತು ವರ್ಷದ ಹಳೆಯ ಜಗಳ. ನಾನು ಚೆಕ್‌ಪೋಸ್ಟಿನಲ್ಲಿ ನಿಂತು ಅದರ ಒಂದು ಪಕ್ಷ ಮಾತ್ರ ಹೇಳುತ್ತಿದ್ದೆ.

ಮತ್ತೆ ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡ ಅಂತ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು ಈಗ ನನ್ನ ಬೀಟಿನಲ್ಲಿ ತಲೆಮಟ್ಟ ನಿಂತಿದೆ. ಬೆಂಕಿ ನಿಲ್ಲಿಸಿದ್ದಕ್ಕೇ ಇದು ಹೀಗೆ ಹಬ್ಬಿತು ಅಂತ ಸೋಲಿಗರ ಹಿರಿಯರು ಹೇಳುತ್ತಾರೆ, ಸಂಶೋಧಕರು ಆ ಮಾತನ್ನು ಬರೆದೂ ಇಟ್ಟಿದ್ದಾರೆ. ಬೆಂಕಿ ಬಿದ್ದ ಕಡೆಯೇ ಲಂಟಾನ ಜಾಸ್ತಿ ಚಿಗುರುತ್ತೆ ಅನ್ನುವವರೂ ಇದ್ದಾರೆ. ನನ್ನ ಬೀಟಿನಲ್ಲಿ ಎರಡೂ ಕಂಡಿದೆ, ಹಾಗಾಗಿ ನಾನು ಪಂಚಾಯ್ತಿಗೆ ಕೂರಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರ ಕಡ್ಡಿಯಿಂದ ಕುರ್ಚಿ, ಸೋಫಾ ಹೆಣೆಯುತ್ತಾರೆ, ಒಳ್ಳೆಯದೇ. ಆದರೆ ಈ ಕಾಡಿನ ಲಂಟಾನ ಖಾಲಿ ಮಾಡಲು ದೇಶಕ್ಕೆಲ್ಲ ಸೋಫಾ ಹಂಚಬೇಕಾಗುತ್ತೆ.

ಹಾಗಂತ ನಾಳೆಯಿಂದ ಎಲ್ಲರ ಕೈಗೂ ಕಡ್ಡಿ ಕೊಡೋಣ ಅಂತ ನಾನು ಹೇಳುತ್ತಿಲ್ಲ. ತಾತನೂ ಹೇಳಲ್ಲ. ನಾನು ಕೇಳಿದ್ದೆ, ಈಗ ಬಿಟ್ಟರೆ ತರಗು ಬೆಂಕಿ ಇಡ್ತೀರಾ ಅಂತ. "ಎಲ್ಲಿಗೆ ಇಡನ? ತರಗು ಎಲ್ಲದೆ? ಬರೀ ಲಂಟಾನ. ಈಗ ಇಟ್ರೆ ಮರದ ನೆತ್ತಿಗೋಯ್ತದೆ" ಅಂದರು. ಮೊಣಕಾಲಿನ ಉರಿ ಏಣಿ ಹತ್ತಿದ ಹಾಗೆ ಲಂಟಾನ ಹತ್ತಿ ಕೊಂಬೆಗೆ ಹೋಗುತ್ತೆ. ಐವತ್ತು ವರ್ಷದ ಹಿಂದಿನ ಬೆಂಕಿಗೆ ಐವತ್ತು ವರ್ಷದ ಹಿಂದಿನ ಕಾಡು ಬೇಕು. ಮೊದಲು ಕಡಿಯಬೇಕು, ಬುಡ ಕೀಳಬೇಕು, ಅದಕ್ಕೆ ಜನ ಬೇಕು, ಆಮೇಲಿನ ಮಾತು ಬೆಂಕಿ.

ಇನ್ನು ಮಾರ್ಚಿನ ಮಧ್ಯಾಹ್ನ ನಮ್ಮನ್ನು ಓಡಿಸುವ ಬೆಂಕಿಗಳಿಗೂ ತರಗು ಬೆಂಕಿಗೂ ಸಂಬಂಧವೇ ಇಲ್ಲ. ನಮ್ಮ ಒಣಕಾಡಿನಲ್ಲಿ ತಾನಾಗಿ ಬೆಂಕಿ ಹತ್ತುವುದು ಇಲ್ಲವೆನ್ನುವಷ್ಟು ಕಡಿಮೆ. ಬಿದಿರು ಬಿದಿರು ಉಜ್ಜಿ ಹತ್ತಿತು ಅನ್ನುವ ಕತೆಯನ್ನು ನಾನು ಶಾಲೆಯಲ್ಲಿ ಕೇಳಿದ್ದೆ, ಕಾಡಿನಲ್ಲಿ ನೋಡಿಲ್ಲ. ಹಚ್ಚುವವರು ಮನುಷ್ಯರೇ. ಕೆಲವರು ದನಕ್ಕೆ ಹೊಸ ಹುಲ್ಲು ಬರಲಿ ಅಂತ. ಕೆಲವರು ಉದುರಿದ ಜಿಂಕೆ ಕೊಂಬು ಹುಡುಕಲು ನೆಲ ಸಾಫಾಗಲಿ ಅಂತ. ಹೆದ್ದಾರಿಯಲ್ಲಿ ಸಿಗರೇಟು ಎಸೆಯುವವರು ಇದ್ದೇ ಇದ್ದಾರೆ. ಒಣಗಿದ ಆನೆ ಲದ್ದಿಗೆ ಕೆಂಡ ಇಟ್ಟು ಹೋದರೆ ಅದು ಗಂಟೆಗಟ್ಟಲೆ ಹೊಗೆಯಾಡಿ, ಇಟ್ಟವನು ಮನೆ ಸೇರಿ ಊಟ ಮಾಡುವ ಹೊತ್ತಿಗೆ ಹುಲ್ಲಿಗೆ ಹತ್ತುತ್ತೆ. ಇಷ್ಟು ಬುದ್ಧಿ ಖರ್ಚು ಮಾಡಿ ಯಾರಾದರೂ ಕಾಡು ಸುಡುತ್ತಾರೆ ಅಂದರೆ ಅಲ್ಲಿ ಹುಲ್ಲಿನ ವಿಷಯ ಇರಲ್ಲ, ಸಿಟ್ಟಿನ ವಿಷಯ ಇರುತ್ತೆ. ಆನೆ ತುಳಿದ ಜೋಳ, ಹುಲಿ ಹಿಡಿದ ಹಸು, ಯಾವತ್ತೋ ಯಾರೋ ಗದರಿದ್ದು. ಈಗ ನನಗೆ ಒಂದು ಅಭ್ಯಾಸ ಆಗಿದೆ. ಅಕ್ಟೋಬರಿನಲ್ಲೇ ಗಡಿಯ ಊರುಗಳನ್ನು ಒಂದು ಸುತ್ತು ಹಾಕಿ, ಯಾರ ಮನೆಯಲ್ಲಿ ಯಾವ ಜಗಳ ಬಾಕಿ ಇದೆ ಅಂತ ಕೇಳಿಕೊಂಡು ಬರುತ್ತೇನೆ. ಎರಡು ಸಲ ಹೋಗಿ ಟೀ ಕುಡಿದು, ಅವರ ಪರಿಹಾರದ ಅರ್ಜಿ ನಾನೇ ಕೂತು ಬರೆದುಕೊಟ್ಟರೆ ಆ ಕಡೆಯ ರೇಖೆ ಐದು ಮೀಟರ್ ಅಗಲ ಆದ ಹಾಗೆ. ಇದನ್ನು ಯಾವ ರಿಜಿಸ್ಟರಿನಲ್ಲಿ ಬರೆಯಬೇಕು ಅಂತ ಗೊತ್ತಿಲ್ಲದೆ ಡೈರಿಯಲ್ಲಿ 'ಗಸ್ತು' ಅಂತ ಬರೆಯುತ್ತೇನೆ.

ಏಪ್ರಿಲ್ ಬಂದ ಮೇಲೆ ಎಲ್ಲರ ಕಣ್ಣೂ ಆಕಾಶದ ಕಡೆ. ತಾತ ಮಳೆ ನಕ್ಷತ್ರದ ಲೆಕ್ಕ ಹಾಕುತ್ತಾರೆ, ರೇವತಿ ಕೈಕೊಟ್ಟರೆ ಅಶ್ವಿನಿ, ಅಶ್ವಿನಿ ಹೋದರೆ ಭರಣಿ ಅಂತ. ನಾನು ಮೊಬೈಲಿನಲ್ಲಿ ಹವಾಮಾನ ನೋಡುತ್ತೇನೆ. ಇಬ್ಬರೂ ಸಮ ಸಮ ಸೋಲುತ್ತೇವೆ. ಮೊದಲ ಮಳೆ ಬಿದ್ದ ರಾತ್ರಿ ಕ್ಯಾಂಪಿನಲ್ಲಿ ಯಾರೂ ಮಾತಾಡಲ್ಲ, ಶೀಟಿನ ಮೇಲೆ ಬೀಳುವ ಸದ್ದು ಕೇಳಿಕೊಂಡು ಹಾಗೇ ನಿದ್ದೆ ಹೋಗುತ್ತೇವೆ. ಒಂದು ವಾರಕ್ಕೆ ಕಪ್ಪು ನೆಲದಲ್ಲಿ ಹಸಿರು ಸೂಜಿ ಏಳುತ್ತೆ, ಜಿಂಕೆಗಳು ಅಲ್ಲೇ ಬಂದು ನಿಲ್ಲುತ್ತವೆ. ನಾನು ಸುಟ್ಟ ಆ ಹನ್ನೊಂದು ಹೆಕ್ಟೇರಿನಲ್ಲೂ ನಿಂತಿದ್ದವು. ಅದನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಕಾ, ನಾಚಿಕೊಳ್ಳಬೇಕಾ ಅಂತ ಆಗ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ.

ಈ ಜನವರಿಯಲ್ಲೂ ಡಜನ್ ಪೊಟ್ಟಣ ತಂದೆ. ಬೆಳಗ್ಗೆ ಏಳಕ್ಕೆ ರೇಖೆಯ ಮೇಲೆ ನಿಂತಿದ್ದೆವು, ನಾನು, ತಾತ, ಈ ವರ್ಷ ಹೊಸದಾಗಿ ಬಂದ ಬೆಳಗಾವಿ ಕಡೆಯ ಒಬ್ಬ ಗಾರ್ಡ್, ಹತ್ತು ಜನ ವಾಚರ್‌ಗಳು. ಹೊಸ ಹುಡುಗ ಆಗಲೇ ಕಡ್ಡಿ ತೆಗೆದು ನಿಂತಿದ್ದ. ತಾತ ಒಂದು ಹಿಡಿ ಹುಲ್ಲು ಕಿತ್ತು ಕಿವಿಯ ಹತ್ತಿರ ಹಿಂಡಿ, ಎಸೆದು, ಕಲ್ಲಿನ ಮೇಲೆ ಕೂತರು. ನಾವೂ ಕೂತೆವು. ಇಬ್ಬನಿ ಆರಲು ಮುಕ್ಕಾಲು ಗಂಟೆ ಹಿಡಿಯಿತು. ಹುಡುಗ ನಾಲ್ಕು ಸಲ ವಾಚ್ ನೋಡಿಕೊಂಡ.

ಆಮೇಲೆ ತಾತ ಎದ್ದು ಇನ್ನೊಂದು ಹಿಡಿ ಹಿಂಡಿ, ನನ್ನ ಕಡೆ ಕೈ ಚಾಚಿದರು. ನಾನು ಪೊಟ್ಟಣ ಕೊಟ್ಟೆ. ಒಂದೇ ಕಡ್ಡಿ. ರೇಖೆಯ ಮೂಲೆಯಲ್ಲಿ ಬಗ್ಗಿ, ಗಾಳಿಗೆ ಎದುರಾಗಿ ಇಟ್ಟರು. ಬೆಂಕಿ ಗದ್ದಲ ಮಾಡದೆ, ಮೊಣಕಾಲಿಗೂ ಬರದೆ, ದನ ಮೇಯುತ್ತಾ ಹೋದ ಹಾಗೆ ಅಂಚಿಗೆ ಅಂಟಿಕೊಂಡು ಹೋಯಿತು. ಅವರು ಸ್ವಲ್ಪ ಹೊತ್ತು ಅದರ ಜೊತೆಗೇ ನಡೆದರು. ವಾಪಸ್ ಬಂದು ಪೊಟ್ಟಣ ನನ್ನ ಶರ್ಟಿನ ಜೇಬಿಗೆ ತಾವೇ ತುರುಕಿ, ಮೇಲೊಂದು ಸಲ ತಟ್ಟಿದರು.

"ನಿಮ್ತಾವೇ ಇರ್ಲಿ ಗಾರ್ಡ್ ಸಾ. ನಂತಾವ ಸಿಕ್ರೆ ಕೇಸು."